ಇಂಗ್ಲಿಷ್ ಪಿಚ್ಚರ್ ಗೆದ್ದೈತೋ ಸೋತೈತೋ ಅಂತ ಯಾವುದರ ಮ್ಯಾಲ ಹೇಳ್ತೀರಿ?

ಗವಿಮಠ ಓಣಿ, ಕೊಪ್ಪಳ

ಎಲ್ಲಾರಿಗೂ ನಮಸ್ಕಾರ್ರಿ. ಹೋದ ಐತವಾರ ತಮ್ಮನ್ನ ಕರಕೊಂಡು ಬಳ್ಳಾರಿಗೆ ಹೋಗಿದ್ದೆ, ಅಲ್ಲಿ ಒಂದು ದೊಡ್ಡ ಬಜೆಟ್ಟಿನ ಸೂಪರ್‌ಹೀರೋ ಪಿಚ್ಚರ್ ತೆಲುಗು ಡಬ್ಬಿಂಗ್‌ನಾಗ ನಡದಿತ್ತು, ನೋಡಿದ್ವಿ. ಕಡೀ ಅರ್ಧ ತಾಸು ಬರೇ ಬಿಲ್ಡಿಂಗ್ ಬೀಳೂದು, ಆಕಾಶದಾಗ ನೀಲಿ ಬೆಳಕು, ಯಾರು ಯಾರಿಗೆ ಹೊಡಿಯಾಕತ್ತಾರ ಅನ್ನೂದ ತಿಳೀಲಿಲ್ಲ, ನಮ್ಮ ಮುಂದಿನ ಸಾಲಿನ್ಯಾಗ ಕುಂತಾವ್ರು ಆಗಲೇ ಫೋನ್ ತಗದಿದ್ರು. ಹೊರಗ ಬಂದು ಚಾ ಕುಡಿಯೋವಾಗ ಪಿಚ್ಚರ್ ಸರಿ ಬಂದಿಲ್ಲ ಅಂದೆ ನೋಡ್ರಿ, ತಮ್ಮ ಸಿಟ್ಟಿಗೆದ್ದ. ಇಷ್ಟು ಕೋಟಿ ಡಾಲರ್ ಕಲೆಕ್ಷನ್ ಆಗೈತಿ, ವಿಮರ್ಶಕರ ಅಭಿಪ್ರಾಯ ಕೂಡಿಸಿ ತೋರಿಸೋ ರಾಟನ್ ಟೊಮ್ಯಾಟೋಸ್ ವೆಬ್‌ಸೈಟಿನ್ಯಾಗ 80 ಪರ್ಸೆಂಟ್ ಐತಿ, ಇಡೀ ಜಗತ್ತಿಗೆ ಹಿಡಿಸಿದ್ದು ನಿನಗೊಬ್ಬಗ ಹಿಡಿಸಲಿಲ್ಲೇನು ಅಂತ. ಕೊಪ್ಪಳ ಬರೂತನಕ ಬಸ್ಸಿನ್ಯಾಗ ಮಾತಾಡಲಿಲ್ಲ. ಅವಗ ಏನು ಹೇಳಬೇಕಿತ್ತು ನನಗ ಈಗೂ ಹೊಳೀವಲ್ದು. ನನಗ ಬ್ಯಾಸರಾತು ಅನ್ನೂದೊಂದ ಸಾಕೇನು ಒಂದು ಪಿಚ್ಚರ್ ಸೋತೈತಿ ಅನ್ನಾಕ?

ಕೋಟೆ ಕೆಳಗಿನವ, ಬಳ್ಳಾರಿ

ಅಣ್ಣಾ, ಮೊದ್ಲು ಆ ನಂಬರ್ ಏನು ಹೇಳ್ತಾವೆ ಅಂತ ನೋಡು. ಕಲೆಕ್ಷನ್ ಅಂದ್ರೆ ಟಿಕೆಟ್ ಮಾರಿದ ಒಟ್ಟು ದುಡ್ಡು, ಅದರಾಗೆ ಹೆಚ್ಚುಕಮ್ಮಿ ಅರ್ಧ ಥಿಯೇಟರ್‌ನೋರಿಗೇ ಹೋಗ್ತೈತೆ, ಪಬ್ಲಿಸಿಟಿ ಖರ್ಚು ಬೇರೆ. 20 ಕೋಟಿ ಡಾಲರ್ ಹಾಕಿ ಮಾಡಿದ್ದು 30 ಕೋಟಿ ಗಳಿಸ್ತು ಅಂದ್ರೆ ಪೇಪರ್‌ನಾಗೆ ಲಾಭ ಕಾಣ್ತೈತೆ, ಖರೇ ಅಂದ್ರೆ ಅಲ್ಲಿ ಲಾಸ್ ಆಗಿರ್ತೈತೆ. ಆ 80 ಪರ್ಸೆಂಟ್ ಅಂದ್ರೂ 100ಕ್ಕೆ 80 ಮಾರ್ಕ್ಸ್ ಅಲ್ಲ, ನೂರು ಮಂದಿ ವಿಮರ್ಶಕರಾಗೆ 80 ಮಂದಿ ಅಡ್ಡಿಯಿಲ್ಲ ನೋಡಬಹುದು ಅಂದಾರೆ ಅಂತ ಅಷ್ಟೇ. ಎಲ್ರೂ ಹತ್ತಕ್ಕೆ ಆರು ಕೊಟ್ರೂ ಅಲ್ಲಿ 100 ಅಂತಾನೇ ತೋರಿಸಬಹುದು.

1994ರಾಗೆ ಬಂದ ಶಾಷಾಂಕ್ ರಿಡೆಂಪ್ಶನ್ ತಗೋ. ಸುಮಾರು ಎರಡೂವರೆ ಕೋಟಿ ಡಾಲರ್ ಖರ್ಚು, ಮೊದಲ ಸಲ ರಿಲೀಸ್ ಆದಾಗ ಅಷ್ಟೂ ವಾಪಸ್ ಬರಲಿಲ್ಲ, ಏಳು ಆಸ್ಕರ್‌ಗೆ ನಾಮಿನೇಟ್ ಆಗಿ ಒಂದೂ ಸಿಗಲಿಲ್ಲ. ಆಮೇಲೆ ವಿಡಿಯೋ ಕ್ಯಾಸೆಟ್‌ನಾಗೆ, ಟಿವಿನಾಗೆ ಜನ ನೋಡಿ ನೋಡಿ ಅದನ್ನ ಎಲ್ಲಿಗೆ ಒಯ್ದು ಕೂಡಿಸಿದ್ರು! ಪಿಚ್ಚರ್ ಅದೇ, ಒಂದು ಫ್ರೇಮೂ ಬದಲಾಗಿಲ್ಲ. ಹಂಗಾರೆ ಮೊದಲನೇ ತಿಂಗಳ ಲೆಕ್ಕ ಯಾವುದರ ಲೆಕ್ಕ ಹೇಳು, ಪ್ರೊಡ್ಯೂಸರ್‌ದು.

ಬಿಸಿಲೂರು, ರಾಯಚೂರು

ದುಡ್ಡಿಂದು ಮ್ಯಾಲಿನವ್ರು ಹೇಳ್ಯಾರ. ನಾ ನೋಡೂದು ಒಂದೇ ಅದ, ಆ ಪಿಚ್ಚರ್ ನನಗ ಏನು ಮಾಡಬೇಕಂತ ಹೊಂಟಿತ್ತು, ಅಂಜಿಸಬೇಕಂತನೋ ಅಳಸಬೇಕಂತನೋ, ಅದನ್ನ ಮಾಡ್ತೋ ಇಲ್ಲೋ. ಯಾವ ಸೀನಿನ್ಯಾಗ ಮಾಡ್ತು ಅಂತ ಬಟ್ಟಿಟ್ಟು ತೋರಿಸಾಕ ಬರಬೇಕು.

1993ರ ಜುರಾಸಿಕ್ ಪಾರ್ಕ್‌ನಾಗ ನೀರಿನ ಗ್ಲಾಸಿನ ಸೀನ್ ಅದಲ್ಲ. ರಾತ್ರಿ, ಮಳಿ, ಗಾಡಿ ನಿಂತದ, ಒಳಗ ಇಬ್ಬರು ಸಣ್ಣ ಹುಡುಗರು. ಡ್ಯಾಶ್‌ಬೋರ್ಡ್ ಮ್ಯಾಲಿನ ಗ್ಲಾಸಿನ್ಯಾಗ ನೀರು ಸಣ್ಣಗ ಅಲುಗ್ತದ, ನಡುವಿಂದ ದುಂಡಕ ಅಲಿ ಏಳ್ತಾವ, ನಿಲ್ತಾವ, ಮತ್ತ ಏಳ್ತಾವ. ಪ್ರಾಣಿ ಇನ್ನೂ ಕಂಡೇ ಇಲ್ಲ, ನಮ್ಮ ಎದಿ ಆಗಲೇ ಬಡಕೊಳ್ತಿರ್ತದ. ಅದನ್ನ ಮಾಡಿದ್ದು ಕಂಪ್ಯೂಟರ್‌ನಾಗ ಅಲ್ರಿ, ಡ್ಯಾಶ್‌ಬೋರ್ಡ್ ಕೆಳಗ ಗಿಟಾರಿನ ತಂತಿ ಬಿಗದು ಮೀಟಿದ್ದು. ಎರಡು ತಾಸಿನ ಪಿಚ್ಚರ್‌ನಾಗ ಡೈನೋಸಾರ್ ಕಾಣೂದು ಹದಿನೈದು ನಿಮಿಷದ ಆಸುಪಾಸು ಅಷ್ಟ. ನಮ್ಮ ದೊಡ್ಡಾಟದಾಗ ರಾಕ್ಷಸ ಪಾತ್ರದಾವ ಪರದಾ ಹಿಂದ ನಿಂತು ಅಬ್ಬರಿಸಿದ್ರ ಚಾಪಿ ಮ್ಯಾಲ ಮಕ್ಕೊಂಡ ಹುಡುಗರು ಎದ್ದು ಕುಂದ್ರತಾವಲ್ಲ, ಅದೇ ಕಸುಬು ಇದು. ನೀವು ನೋಡಿದ ಪಿಚ್ಚರ್‌ನಾಗ ಊರಿಗೆ ಊರೇ ಬಿತ್ತು ಆದ್ರ ಆ ಊರಾಗ ಯಾರ ಮನಿ ಇತ್ತು ಅಂತ ನಿಮಗ ತೋರಿಸಿದ್ರೇನು? ತೋರಿಸಿಲ್ಲಂದ್ರ ಬ್ಯಾಸರಾಗೂದು ನಿಮ್ಮ ತಪ್ಪಲ್ಲ.

ಗಂಗಾವತಿ ಅಕ್ಕ

ಎಲ್ಲಾ ಖರೇ ಐತಿ, ಆದ್ರ ತಮ್ಮಾ, ತೆಲುಗಿನ್ಯಾಗ ನೋಡಿ ಅರ್ಧ ತಿಳೀಲಿಲ್ಲ ಅಂದ್ರ ಅದನ್ನೂ ಪಿಚ್ಚರ್ ಮ್ಯಾಲ ಹಾಕಬ್ಯಾಡ. 2022ರ ಡಿಸೆಂಬರ್‌ನಾಗ ಅವತಾರ್ ಎರಡನೇದು ಕನ್ನಡದಾಗೂ ಬಂದಿತ್ತು, ನಮ್ಮ ಅವ್ವನ್ನ ಕರಕೊಂಡು ಹೋಗಿದ್ದೆ. ಕತಿ ತೆಳ್ಳಗ ಐತಿ ಅಂತ ಎಲ್ಲಾರೂ ಬರದಿದ್ರು, ನನಗೂ ಹಂಗ ಅನ್ನಿಸ್ತು. ಅವ್ವ ಮಾತ್ರ ಆ ಸಮುದ್ರದ ಸೀನ್ ಬಂದಾಗೆಲ್ಲಾ ನನ್ನ ಕೈ ಗಟ್ಟಿ ಹಿಡಕೊಂಡು ಬಾಯಿ ತಕ್ಕೊಂಡು ಕುಂತಿದ್ಲು. ಆಕಿಗೆ ಅದು ಗೆದ್ದಂಗಲ್ಲೇನು? ಮತ್ತ ಗ್ರಾಫಿಕ್ಸ್ ಥೇಟ್ ಖರೇನ ಕಾಣಬೇಕು ಅನ್ನೂದನ್ನ ನಾ ಒಪ್ಪಂಗಿಲ್ಲ. ನಮ್ಮ ಮೋರನಾಳದ ಭೀಮವ್ವಜ್ಜಿ, 2025ರಾಗ ಪದ್ಮಶ್ರೀ ಬಂತಲ್ಲ, ಆಕಿ ಆಡಿಸೂದು ತೊಗಲುಗೊಂಬಿ. ಚರ್ಮದ್ದು ಅಂತ ಎಲ್ಲಾರಿಗೂ ಗೊತ್ತಿರ್ತೈತಿ, ಆದ್ರೂ ಸೀತವ್ವ ಕಾಡಿಗೆ ಹೊಂಟಳು ಅಂದ್ರ ಮಂದಿ ಸೆರಗು ಕಣ್ಣಿಗೆ ಹಚ್ಚತಾರ.

ಗವಿಮಠ ಓಣಿ, ಕೊಪ್ಪಳ

ಎಲ್ಲಾರೂ ಇಷ್ಟು ಬರದಿದ್ದಕ್ಕ ಭಾಳ ಖುಷಿ ಆತ್ರಿ. ನಿನ್ನೆ ರಾತ್ರಿ ತಮ್ಮಗ ಆ ಗ್ಲಾಸಿನ ಸೀನ್ ಫೋನಿನ್ಯಾಗ ತೋರಿಸಿದೆ, ಎರಡು ಸಲ ಹಿಂದಕ್ಕ ತಗೊಂಡು ನೋಡಿದ. ಆಮ್ಯಾಲ ನೀ ನೋಡಿದ ಪಿಚ್ಚರ್‌ನಾಗ ಇಂಥಾದ್ದು ಒಂದರ ಸೀನ್ ಹೇಳು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹೀರೋ ಅವರಪ್ಪಗ ಫೋನ್ ಹಚ್ಚಿ ಒಂದು ಮಾತೂ ಆಡದ ಇಟ್ಟುಬಿಡ್ತಾನಲ್ಲ, ಅದು ಅಂದ. ಹೌದ್ರಿ, ಅದು ನನಗೂ ಹಿಡಿಸಿತ್ತು, ಸಿಟ್ಟಿನ್ಯಾಗ ಮರತಬಿಟ್ಟಿದ್ದೆ. ಅದರ ಮುಂದಿಂದು ಯಾಕ ಹಂಗಾತು ಅಂತ ಇಬ್ಬರೂ ಹನ್ನೆರಡರ ತನಕ ಮಾತಾಡಕೋತ ಕುಂತಿದ್ವಿ.