ಸಹಾಯ ಬೇಕು: ಎರಡೇ ನಿಮಿಷದಲ್ಲಿ ಶುಗರ್ ರೀಡಿಂಗ್ 98 ಹೋಗಿ 113, ಯಾವುದನ್ನು ನಂಬಲಿ?

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳ ಹಿಂದೆ ನನಗೆ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 5.9 ಬಂತು. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಹೊಸ್ತಿಲಲ್ಲಿ ನಿಂತಿದೆ ಅಂದರು ಡಾಕ್ಟರು. ಅವತ್ತಿನಿಂದ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮನೆಯಲ್ಲೇ ಗ್ಲುಕೋಮೀಟರ್‌ನಲ್ಲಿ ನೋಡುತ್ತಿದ್ದೇನೆ.

ನಿನ್ನೆ ಮೊದಲು 98 ತೋರಿಸಿತು. ಸುಮ್ನೆ ಇರಲಾರದೆ ಎರಡೇ ನಿಮಿಷದಲ್ಲಿ ಪಕ್ಕದ ಬೆರಳು ಚುಚ್ಚಿದೆ. 113! ನೂರರ ಒಳಗಿದ್ದರೆ ನಾರ್ಮಲ್, 100ರಿಂದ 125 ಅಂದರೆ ಪ್ರಿಡಯಾಬಿಟಿಸ್. ಹಾಗಾದರೆ ನಾನು ಯಾವ ಕಡೆ?

ಸೋಪು ಹಾಕಿ ಕೈ ತೊಳೆದು ಪೂರ್ತಿ ಒರೆಸಿಕೊಳ್ಳುತ್ತೇನೆ (ಒಮ್ಮೆ ಹಣ್ಣು ಹೆಚ್ಚಿದ ಕೈಯಲ್ಲೇ ನೋಡಿ, 160 ಬಂದು ಎದೆ ಧಸಕ್ಕೆಂದಿತ್ತು). ಸ್ಟ್ರಿಪ್ ಡೇಟ್ ಮುಗಿದಿಲ್ಲ, ಡಬ್ಬಿ ಮುಚ್ಚಳ ಬಿಗಿಯಾಗಿದೆ. ಬೆರಳು ಹಿಂಡುವುದಿಲ್ಲ. ಕಂಟ್ರೋಲ್ ಸೊಲ್ಯೂಷನ್ (ಮೀಟರ್ ಸರಿಯಿದೆಯಾ ಅಂತ ನೋಡೋ ದ್ರವ) ಹಾಕಿದಾಗ ಡಬ್ಬಿ ಮೇಲೆ ಬರೆದ ಅಂಕಿಗಳ ನಡುವೆಯೇ ಬಂತು.

ಮನೆ ಮೀಟರ್‌ನಲ್ಲಿ ಶೇ. 15ರಷ್ಟು ಆಚೆ ಈಚೆ ಆಗೋದು ಮಾಮೂಲು ಅಂತ ಗೊತ್ತು. ಆದರೆ ಗಡಿಯಲ್ಲೇ ನಿಂತಿರುವ ನನ್ನಂಥವರಿಗೆ ಅದೇ ಜಾಸ್ತಿ ಅಲ್ವಾ?

ಇದೇ ಸ್ಥಿತಿಯಲ್ಲಿರುವವರು ದಯವಿಟ್ಟು ಹೇಳಿ: ಡೈರಿಯಲ್ಲಿ ಮೊದಲ ರೀಡಿಂಗ್ ಬರೆಯಬೇಕಾ, ಎರಡರ ಸರಾಸರಿಯಾ? ಲ್ಯಾಬ್‌ನಲ್ಲಿ ರಕ್ತ ಕೊಡುವಾಗಲೇ ಮೀಟರ್‌ನಲ್ಲೂ ನೋಡಿ ಯಾರಾದರೂ ಹೋಲಿಸಿದ್ದೀರಾ? ಎಷ್ಟು ವ್ಯತ್ಯಾಸ ಬಂತು?