ಪದಚರ್ಚೆ: ಸ್ಕ್ಯಾಫೋಲ್ಡ್ ಅಂದರೆ ಸಾರುವೆಯೋ ಹಂದರವೋ? ಸೀಡಿಂಗ್ ಅಂದರೆ ಬಿತ್ತನೆಯೋ ನಾಟಿಯೋ?

ಗೆಳೆಯರೇ,

ಹಾಳಾದ ಮೂತ್ರಕೋಶಕ್ಕೆ (ಬ್ಲಾಡರ್‌ಗೆ) ರೋಗಿಯದೇ ಜೀವಕೋಶಗಳನ್ನು ಬೆಳೆಸಿ ಜೋಡಿಸುವ ವಿಧಾನದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಸ್ಕ್ಯಾಫೋಲ್ಡ್ (ಜೀವಕೋಶಗಳು ಹಿಡಿದು ಬೆಳೆಯಲು ಕೊಡುವ ಆಧಾರದ ಚೌಕಟ್ಟು), ಸೀಡಿಂಗ್ (ಆ ಚೌಕಟ್ಟಿನ ಮೇಲೆ ಜೀವಕೋಶಗಳನ್ನು ಕೂರಿಸುವುದು) ಎಂಬ ಎರಡು ಪದಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಮೊದಲು ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಅಮೆರಿಕದ ವೈದ್ಯ ಆಂಥನಿ ಅಟಾಲಾ ಮತ್ತು ಸಂಗಡಿಗರು 2006ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 7 ರೋಗಿಗಳ ವಿವರ ಕೊಟ್ಟರು. ಎಲ್ಲರೂ 4ರಿಂದ 19 ವರ್ಷದೊಳಗಿನವರು. ಬೆನ್ನುಹುರಿಯ ಹುಟ್ಟುದೋಷದಿಂದ ಅವರ ಮೂತ್ರಕೋಶ ಬಿಗಿದುಕೊಂಡು ಸರಿಯಾಗಿ ಹಿಗ್ಗುತ್ತಿರಲಿಲ್ಲ. ಇಂಥವರಿಗೆ ಕರುಳಿನ ತುಂಡಿನಿಂದ ತೇಪೆ ಹಾಕುವುದು ವಾಡಿಕೆ. ಆದರೆ ಎಲ್ಲಿಟ್ಟರೂ ಕರುಳು ತನ್ನ ಗುಣ ಬಿಡಲ್ಲ. ಲೋಳೆ ಸುರಿಸುತ್ತದೆ, ಮೂತ್ರದಲ್ಲಿರುವುದನ್ನು ಮತ್ತೆ ರಕ್ತಕ್ಕೆ ಹೀರಿಕೊಳ್ಳುತ್ತದೆ, ಕಲ್ಲು ಕಟ್ಟುವುದೂ ಉಂಟು. ಅಟಾಲಾ ತಂಡ ಮೂತ್ರಕೋಶದಿಂದಲೇ ಒಂದು ಚೂರು ತೆಗೆದು, ಒಳಪದರದ ಜೀವಕೋಶ ಬೇರೆ, ಸ್ನಾಯುವಿನ ಜೀವಕೋಶ ಬೇರೆ ಮಾಡಿ ಲ್ಯಾಬಿನಲ್ಲಿ ಬೆಳೆಸಿತು. ಆಮೇಲೆ ಮೂತ್ರಕೋಶದ ಆಕಾರದ ಸ್ಕ್ಯಾಫೋಲ್ಡ್‌ಗೆ ಮೊದಲನೆಯದನ್ನು ಒಳಮೈಗೆ, ಎರಡನೆಯದನ್ನು ಹೊರಮೈಗೆ ಕೂರಿಸಿತು. ಚೂರು ತೆಗೆದ ಸುಮಾರು 7 ವಾರಕ್ಕೆ ಅದನ್ನು ರೋಗಿಯ ಮೂತ್ರಕೋಶಕ್ಕೆ ಹೊಲಿದರು.

ಸ್ಕ್ಯಾಫೋಲ್ಡ್‌ಗೆ ನಾನು ಬರೆದದ್ದು ‘ಸಾರುವೆ’. ಕಟ್ಟಡ ಕಟ್ಟುವವರ ಬಾಯಲ್ಲಿ ಇರುವ ಪದ, ಇಂಗ್ಲಿಷಿನಲ್ಲೂ ಅಲ್ಲಿಂದಲೇ ಬಂದದ್ದು, ಇನ್ನೇನು ಬೇಕು ಅಂದುಕೊಂಡಿದ್ದೆ. ಮೇಸ್ತ್ರಿ ಕೆಲಸ ಮಾಡಿದ ನಮ್ಮ ಚಿಕ್ಕಪ್ಪನಿಗೆ ಓದಿ ಹೇಳಿದೆ. “ಸಾರುವೆ ಬಿಚ್ಚೋದು ಯಾವಾಗಪ್ಪಾ? ಮತ್ತೆ ಹೊಟ್ಟೆ ಕೊಯ್ತಾರಾ?” ಅಂದರು. ಅಲ್ಲಿಗೆ ಸಾರುವೆ ಬಿದ್ದೇಹೋಯಿತು. ಈ ಸ್ಕ್ಯಾಫೋಲ್ಡನ್ನು ಯಾರೂ ಬಿಚ್ಚುವುದಿಲ್ಲ. ಕೊಲಾಜೆನ್ ಎಂಬ ಪ್ರೋಟೀನಿನಿಂದ, ಇಲ್ಲವೇ ಕೊಲಾಜೆನ್ ಜೊತೆ ಪಾಲಿಗ್ಲೈಕಾಲಿಕ್ ಆಮ್ಲ ಸೇರಿಸಿ ಅದನ್ನು ಮಾಡಿದ್ದರು. ಈ ಆಮ್ಲ ಆಪರೇಷನ್ನಿನ ಕರಗುವ ಹೊಲಿಗೆ ದಾರಕ್ಕೂ ಬಳಸುವ ವಸ್ತು. ಜೀವಕೋಶಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತಾ ಹೋದ ಹಾಗೆ ಸ್ಕ್ಯಾಫೋಲ್ಡ್ ತಾನಾಗಿಯೇ ಕರಗಿಹೋಗುತ್ತದೆ.

‘ಹಂದರ’ ವಾಸಿ ಅನ್ನಿಸಿತು. ಬಳ್ಳಿ ಹಬ್ಬುವುದು ಹಂದರದ ಮೇಲೆ, ಎಲುಬಿನ ಹಂದರ ಅಂತಲೂ ಅನ್ನುತ್ತೇವೆ. ಆದರೆ ಧಾರವಾಡದ ಗೆಳತಿ ನಕ್ಕಳು. ಅವರ ಕಡೆ ಹಂದರ ಅಂದರೆ ಮೊದಲು ನೆನಪಾಗುವುದು ಮದುವೆ ಮನೆ ಮುಂದಿನದು. ಅದನ್ನೂ ಮದುವೆ ಮುಗಿದ ಮೇಲೆ ಬಿಚ್ಚೋದೇ! ಸದ್ಯಕ್ಕೆ ‘ಕರಗುವ ಹಂದರ’ ಅಂತ ಬರೆದಿದ್ದೇನೆ.

ಸೀಡಿಂಗ್ ವಿಷಯದಲ್ಲಿ ನನ್ನ ತಕರಾರು ಜಾಸ್ತಿ. ‘ಬಿತ್ತನೆ’ ಅಂತ ಎಲ್ಲರೂ ಹೇಳಿಬಿಡುತ್ತಾರೆ. ಆದರೆ ಇಲ್ಲಿ ನಡೆದದ್ದು ಬಿತ್ತನೆಯಾ? ಒಂದು ಕಡೆ ಒತ್ತಾಗಿ ಬೆಳೆಸಿ, ಕಿತ್ತು, ಇನ್ನೊಂದು ಕಡೆ ಕೂರಿಸಿದ್ದು. ಭತ್ತ ಬೆಳೆಯುವವರು ಇದಕ್ಕೆ ನಾಟಿ ಅನ್ನುತ್ತಾರೆ. ಲ್ಯಾಬಿನ ತಟ್ಟೆ ಅಂದರೆ ಸಸಿಮಡಿ, ಸ್ಕ್ಯಾಫೋಲ್ಡ್ ಅಂದರೆ ಗದ್ದೆ. ಇಂಗ್ಲಿಷಿನವರಿಗೆ ಈ ಎರಡು ಹಂತದ ಬೇಸಾಯ ಮನಸ್ಸಿನಲ್ಲಿರಲಿಲ್ಲವೇನೋ, ನಾವು ಯಾಕೆ ಅದನ್ನೇ ಹಿಡಿದುಕೊಳ್ಳಬೇಕು? ಒಂದೇ ಅಂಜಿಕೆ: ನಾಟಿ ಕೋಳಿ, ನಾಟಿ ವೈದ್ಯ ಇದ್ದ ಹಾಗೆ ಯಾರಾದರೂ ‘ನಾಟಿ ಮೂತ್ರಕೋಶ’ ಅಂತ ಓದಿಕೊಂಡರೆ ಕಷ್ಟ. ‘ಜೀವಕೋಶಗಳನ್ನು ನಾಟಿ ಮಾಡಿದರು’ ಎಂದು ಕ್ರಿಯಾಪದವಾಗಿಯೇ ಬಳಸಿದರೆ ಬಚಾವಾಗಬಹುದು.

‘ಕಸಿ’ ಬೇಡ ಅನ್ನಿಸಿತು. ಅದು ಕಿಡ್ನಿ ಕಸಿಯ ಹಾಗೆ ಇನ್ನೊಬ್ಬರ ಅಂಗಕ್ಕೆ ಗಟ್ಟಿಯಾಗಿ ಅಂಟಿಕೊಂಡಿದೆ. 2025ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮನುಷ್ಯರಿಗೆ ಮೊದಲ ಮೂತ್ರಕೋಶ ಕಸಿ ಆಯಿತಲ್ಲ, ಆ ಪದ ಅದಕ್ಕೇ ಇರಲಿ. ‘ಕೃತಕ ಮೂತ್ರಕೋಶ’ ಕೂಡ ಸರಿಯಲ್ಲ, ಪ್ಲಾಸ್ಟಿಕ್ ಚೀಲ ಕಣ್ಣಿಗೆ ಬರುತ್ತದೆ. ‘ಹೊಸ ಮೂತ್ರಕೋಶ’ ಅನ್ನುವುದು ಇನ್ನೂ ತಪ್ಪು. ಅಟಾಲಾ ತಂಡ ಇದ್ದ ಮೂತ್ರಕೋಶವನ್ನೇ ದೊಡ್ಡದು ಮಾಡಿದ್ದು. ಇದೇ ಬಗೆಯ ತೇಪೆ ಹಾಕಿ 10 ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಂತೂ ಮೂತ್ರಕೋಶದ ಹಿಗ್ಗುವಿಕೆ ಸುಧಾರಿಸಲಿಲ್ಲ, ಗಂಭೀರ ತೊಂದರೆಗಳೂ ಬಂದವು. ತೇಪೆಯನ್ನು ತೇಪೆ ಅಂತಲೇ ಕರೆಯುವುದು ಒಳ್ಳೆಯದು.

‘ಅಂಗಾಂಶ’ಕ್ಕೆ ಚಿಂತೆಯಿಲ್ಲ. ಅಂಗಾಂಶ ಕೃಷಿ ಬಾಳೆ ಹಾಕಿದ ರೈತರಿಗೆಲ್ಲ ಅದು ಗೊತ್ತು.

ಉಳಿದದ್ದು ‘ಮೂತ್ರಕೋಶ’ವೇ. ಕೆಲವರು ಕಿಡ್ನಿಗೂ ಇದನ್ನೇ ಬರೆಯುತ್ತಾರೆ. ಸಾಲದ್ದಕ್ಕೆ ‘ಮೂತ್ರಕೋಶದ ಜೀವಕೋಶ’ ಅಂತ ಪುಟದ ತುಂಬಾ ಕೋಶವೋ ಕೋಶ. ‘ಮೂತ್ರಚೀಲ’ ಅಂದರೆ ವಾರ್ಡಿನಲ್ಲಿ ಮಂಚಕ್ಕೆ ನೇತುಹಾಕುವ ಚೀಲ ನೆನಪಾಗುತ್ತದೆ. ‘ಮೂತ್ರಾಶಯ’ಕ್ಕೆ ಬದಲಾಯಿಸಲಾ? ಕರಾವಳಿ, ಮಲೆನಾಡಿನವರು ಹಂದರ, ನಾಟಿ ಎರಡರ ಬಗ್ಗೆಯೂ ನಿಮ್ಮ ಕಡೆಯ ಬಳಕೆ ತಿಳಿಸಿ.