ಉದ್ದಿನ ಮೇಲೆ ಹಳದಿ ದಾರದಂಥ ಬಳ್ಳಿ: ಬೆಳೆ ಬದಲಿಸಿದರೆ ಹೋಗುತ್ತಾ?

ಪ್ರಶ್ನೆ: ಮೇಡಂ, ನಮ್ಮದು ಬೀದರ್ ಕಡೆ ಮಳೆ ನಂಬಿದ ಹೊಲ. ಮುಂಗಾರಿಗೆ ಉದ್ದು, ಅದರ ರಾಶಿ ಆದ ಮೇಲೆ ಹಿಂಗಾರಿಗೆ ಕಡಲೆ. ಈಗೀಗ ಉದ್ದಿನ ಮೇಲೆ ಎಲೆಯೇ ಇಲ್ಲದ ಹಳದಿ ಬಳ್ಳಿ ಹಬ್ಬುತ್ತಿದೆ, ಆಕಾಶಬಳ್ಳಿ ಅಂತಾರೆ. ಕಿತ್ತು ಹಾಕೋಣ ಅಂದರೆ ಬುಡವೇ ಸಿಗಲ್ಲ. ಈ ಸಲ ಉದ್ದು ಬಿಟ್ಟು ಸೋಯಾ ಹಾಕಲಾ?

ಉತ್ತರ: ಬೇಡ. ಸೋಯಾ ಮೇಲೂ ಹಬ್ಬುತ್ತೆ, ಕಡಲೆ ಮೇಲೂ ಹಬ್ಬುತ್ತೆ. ಇದು ಕಸ್ಕ್ಯುಟಾ. ಬುಡ ಸಿಗದಿರುವುದಕ್ಕೆ ಕಾರಣ ಇದೆ: ಮೊಳಕೆ ಒಡೆದು ಪಕ್ಕದ ಗಿಡ ಹಿಡಿದು ರಸ ಹೀರಲು ಶುರು ಮಾಡಿದ ಮೇಲೆ ಅದರ ಬುಡ ಒಣಗಿ ಹೋಗುತ್ತೆ, ಆಮೇಲೆ ಅದಕ್ಕೆ ಮಣ್ಣಿನ ಹಂಗೇ ಇಲ್ಲ. ಗಿಡ ಸಿಗದಿದ್ದರೆ ಮಾತ್ರ ಕೆಲವೇ ದಿನಗಳಲ್ಲಿ ಸಾಯುತ್ತೆ. ನಮಗೆ ಬೇಕಾದದ್ದು ಅದೇ. ಜೋಳ, ಸಜ್ಜೆ, ಮೆಕ್ಕೆಜೋಳದ ಮೇಲೆ ಅದು ಬದುಕಲ್ಲ. ಹಾಗಾಗಿ ಮುಂಗಾರಿಗೆ ಇವುಗಳಲ್ಲಿ ಒಂದು ಹಾಕಿ, ಹಿಂಗಾರಿಗೆ ಕಡಲೆ ಬದಲು ಬಿಳಿಜೋಳ. ಜೋಳದ ನಡುವೆ ತೊಗರಿ ಸಾಲು ಬಿಡುವ ರೂಢಿ ಇದ್ದರೆ ಸದ್ಯಕ್ಕೆ ನಿಲ್ಲಿಸಿ. ಅಗಲ ಎಲೆಯ ಕಳೆಗಳ ಮೇಲೂ ಬಳ್ಳಿ ಬದುಕುತ್ತೆ, ಅದಕ್ಕೇ ಎಡೆಕುಂಟೆ ತಪ್ಪಿಸಬೇಡಿ, ಬದುವಿನ ಮೇಲೂ ಕಣ್ಣಿರಲಿ.

ಪ್ರಶ್ನೆ: ಒಂದು ವರ್ಷ ಜೋಳ ಹಾಕಿ ಆಮೇಲೆ ಉದ್ದಿಗೆ ಬಂದರೆ ನಡೆಯುತ್ತಾ?

ಉತ್ತರ: ಸಾಲಲ್ಲ. ಬೀಜದ ಸಿಪ್ಪೆ ಗಟ್ಟಿ, ಎಲ್ಲ ಒಟ್ಟಿಗೆ ಮೊಳೆಯಲ್ಲ, ಮಣ್ಣಲ್ಲಿ 10 ವರ್ಷಕ್ಕಿಂತ ಜಾಸ್ತಿಯೂ ಇರುತ್ತವೆ. ಜೋಳದಿಂದ ಹಳೆ ಬೀಜ ಪೂರ್ತಿ ಖಾಲಿ ಆಗಲ್ಲ, ಹೊಸದು ಉದುರುವುದು ನಿಲ್ಲುತ್ತೆ. ಹಾಗಾಗಿ ಕನಿಷ್ಠ ಎರಡು ಮೂರು ವರ್ಷ ಜೋಳ, ಸಜ್ಜೆಯಂಥ ಏಕದಳ ಬೆಳೆ ಮಾಡಿ. ಉದ್ದಿಗೆ ವಾಪಸ್ ಬರುವಾಗ ಮೊದಲ ಮಳೆಗೆ ಮೊಳೆತದ್ದನ್ನು ಕುಂಟೆ ಹೊಡೆದು ಕೆಡವಿ, ಆಮೇಲೆ ಬಿತ್ತಿ. ಆಗಲೂ ಎಲ್ಲಾದರೂ ಕಂಡರೆ ಹೂ ಬಿಡುವ ಮೊದಲೇ ಆ ಉದ್ದಿನ ಗಿಡದ ಸಮೇತ ಕಿತ್ತು ಸುಡಿ. ಉದ್ದು ಹೋಯಿತಲ್ಲ ಅಂತ ಬಳ್ಳಿ ಮಾತ್ರ ಬಿಡಿಸಲು ಹೋಗಬೇಡಿ, ಉಳಿದ ತುಂಡು ಮತ್ತೆ ಹಬ್ಬುತ್ತೆ. ದನಕ್ಕೂ ಹಾಕಬೇಡಿ. ಬೀಜ ಸಗಣಿಯಲ್ಲಿ ಜೀವಂತ ಹೊರಬಂದು ತಿಪ್ಪೆ ಗೊಬ್ಬರದ ಜೊತೆ ಹೊಲಕ್ಕೇ ಬರುತ್ತೆ.

ಬಿತ್ತನೆ ಉದ್ದನ್ನು ಜರಡಿ ಹಿಡಿಯಿರಿ. ಕಸ್ಕ್ಯುಟಾ ಬೀಜ ಸುಮಾರು 1 ಮಿಲಿಮೀಟರ್, ಕೆಳಗೆ ಉದುರುತ್ತೆ. ಕುದುರೆ ಮೆಂತ್ಯೆಯಲ್ಲಿ ಈ ಉಪಾಯ ನಡೆಯಲ್ಲ, ಎರಡೂ ಬೀಜ ಹೆಚ್ಚುಕಡಿಮೆ ಒಂದೇ ಗಾತ್ರ. ಬೇರೆಯವರ ಹೊಲದಿಂದ ಬರುವ ರಾಶಿ ಮಷಿನ್ ಕೂಡ ಝಾಡಿಸಿಯೇ ಒಳಗೆ ಬಿಡಿ.

ಇನ್ನೊಬ್ಬರ ಪ್ರಶ್ನೆ: ಜೋಳಕ್ಕೂ ಬೇರಿಗೆ ಅಂಟಿ ರಸ ಹೀರುವ ಸ್ಟ್ರೈಗಾ ಕಳೆ ಬರುತ್ತೆ ಅಲ್ವಾ? ಒಂದನ್ನು ಬಿಡಿಸಿಕೊಳ್ಳಲು ಹೋಗಿ ಇನ್ನೊಂದಕ್ಕೆ ಸಿಕ್ಕಂಗಾಗಲ್ವಾ?

ಉತ್ತರ: ಒಳ್ಳೆ ಪ್ರಶ್ನೆ. ಕಸ್ಕ್ಯುಟಾ ತೇವ ಸಿಕ್ಕರೆ ತಾನೇ ಮೊಳೆಯುತ್ತೆ, ಸ್ಟ್ರೈಗಾಕ್ಕೆ ಬೇರಿನಿಂದ ಒಸರುವ ರಾಸಾಯನಿಕದ ಸುಳಿವು ಬೇಕು. ತಮಾಷೆ ಅಂದರೆ ಅಲಸಂದೆ, ಶೇಂಗಾ, ಹತ್ತಿ ಬೇರುಗಳೂ ಆ ಸುಳಿವು ಕೊಡುತ್ತವೆ, ಆದರೆ ಜೋಳದ ಸ್ಟ್ರೈಗಾ ಅವುಗಳ ಮೇಲೆ ಬೆಳೆಯಲಾರದೆ ಮೊಳಕೆಯಲ್ಲೇ ಸಾಯುತ್ತೆ. ಜೋಳದಲ್ಲಿ ಅದು ಕಂಡರೆ ಹೂವಿಗೆ ಮೊದಲು ಕಿತ್ತು ಹಾಕಿ. ಆ ಹೊಲಕ್ಕೆ ಹತ್ತಿ ಒಂದು ದಾರಿ, ಆದರೆ ಕಸ್ಕ್ಯುಟಾ ಬೀಜ ಇರುವ ಹೊಲಕ್ಕೆ ಅಲಸಂದೆ ಬೇಡ.

ಪ್ರಶ್ನೆ: ಔಷಧಿ ಏನೂ ಇಲ್ವಾ ಮೇಡಂ?

ಉತ್ತರ: ಉದ್ದು ಬಿತ್ತಿದ ಒಂದೆರಡು ದಿನದೊಳಗೆ, ಮಣ್ಣು ಹಸಿ ಇರುವಾಗ, ಪೆಂಡಿಮೆಥಾಲಿನ್ 30 ಇಸಿ ಕಳೆನಾಶಕ ಎಕರೆಗೆ 1 ರಿಂದ 1.3 ಲೀಟರ್, ಡಬ್ಬಿಯ ಮೇಲಿನ ಪ್ರಮಾಣವನ್ನೂ ನೋಡಿಕೊಂಡು. ಬಳ್ಳಿ ಹಬ್ಬಿದ ಮೇಲೆ ಅದನ್ನು ಹೊಡೆದರೆ ದುಡ್ಡು ದಂಡ.